22,000 ರೂಪಾಯಿ ಸಂಬಳದಲ್ಲಿ ಬೆಂಗಳೂರಿನ ಜೀವನ ಸಾಧ್ಯವೇ?

ಪ್ರಶ್ನೆ (ಶಿರಸಿಯಿಂದ):
ನನ್ನ ತಂಗಿಗೆ ಪೀಣ್ಯದಲ್ಲಿ ತಿಂಗಳಿಗೆ 22,000 ರೂಪಾಯಿ ಸಂಬಳದ ಕೆಲಸ ದೊರೆತಿದೆ. ಈ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ತಗುಲಿರುವುದರಿಂದ ಅವಳು ಮನೆಗೆ 5,000 ರೂಪಾಯಿಯನ್ನಾದರೂ ಕಳುಹಿಸಬೇಕೆಂದಿದ್ದಾಳೆ. ಉಳಿದ ಹಣದಲ್ಲಿ ಬಾಡಿಗೆ, ಊಟ, ಓಡಾಟ ನಿಭಾಯಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಕುಮಟಾದಿಂದ):
ಖಂಡಿತ ಸಾಧ್ಯ, ಆದರೆ ಒಂಟಿಯಾಗಿ ಮನೆ ಹಿಡಿಯುವುದು ಬೇಡ. ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಅಲ್ಲಿರುವುದರಿಂದ, ನಾನು ಮೊದಲ ವರ್ಷ ದಾಸರಹಳ್ಳಿಯಲ್ಲಿ ಊರಿನ ಇಬ್ಬರೊಂದಿಗೆ ಒಂದೇ ಕೋಣೆಯಲ್ಲಿದ್ದೆ. ಮನೆ ಬಿಡುವಾಗ ಬಣ್ಣ ಹೊಡೆಸುವ ನೆಪದಲ್ಲಿ ಮಾಲೀಕರು ಮುಂಗಡದಿಂದ ಒಂದು ತಿಂಗಳ ಬಾಡಿಗೆಯನ್ನೇ ಮುರಿದುಕೊಂಡರು. ಆ ನೋವು ಇನ್ನೂ ಮಾಸಿಲ್ಲ. ಆದ್ದರಿಂದ ಕರಾರು ಪತ್ರದಲ್ಲಿ ಈ ವಿಷಯವನ್ನು ಮೊದಲೇ ಬರೆಸಿಕೊಳ್ಳಿ. ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಬಾಡಿಗೆ ತುಸು ಹೆಚ್ಚಾದರೂ ನಷ್ಟವಿಲ್ಲ.

ಉತ್ತರ 2 (ಕಾರವಾರದಿಂದ):
ತಂಗಿಯವರಿಗೆ ಓಡಾಟದ ಚಿಂತೆ ಕಡಿಮೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಬೆಂಗಳೂರಿನ ಸಾಮಾನ್ಯ ನಗರ ಸಾರಿಗೆ ಬಸ್ಸುಗಳಲ್ಲಿ ಮಾತ್ರವಲ್ಲ, ಊರಿಗೆ ಬರುವ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿಯೂ ಟಿಕೆಟ್ ಉಚಿತ. ಸ್ಲೀಪರ್ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸುವುದಿಲ್ಲ.

ಹೆಚ್ಚು ಹಣ ಸೋರುವುದು ಹೋಟೆಲ್ ಊಟದಲ್ಲಿ. ನನ್ನ ಅಕ್ಕ ಪ್ರತಿ ಬಾರಿ ಊರಿನಿಂದ ಹೊರಡುವಾಗ ಕುಚಲಕ್ಕಿ, ಒಣಗಿಸಿದ ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಒಯ್ಯುತ್ತಾಳೆ. ರಾತ್ರಿ ನಾಲ್ಕು ಸಿಪ್ಪೆ ನೆನೆಹಾಕಿದರೆ ಬೆಳಿಗ್ಗೆ ಸಾರಿಗೆ ಹುಳಿ ಸಿದ್ಧ.

ಪ್ರಶ್ನೆ ಕೇಳಿದವರಿಂದ:
ತುಂಬಾ ಉಪಕಾರವಾಯಿತು. ಕರಾರಿನ ವಿಷಯವನ್ನು ಇಂದೇ ತಂಗಿಗೆ ಹೇಳುತ್ತೇನೆ. ಮುರುಗಲು ನಮ್ಮ ಮನೆಯಲ್ಲೇ ಇದೆ.