ನಡುವೆ ಕುಸಿದು ಹಸಿಯಾಗಿಯೇ ಉಳಿಯುವ ಬಾಳೆಹಣ್ಣಿನ ಲೋಫ್: ಮೂರನೆಯ ಬಾರಿಯೂ ಕೆಟ್ಟಿತು

ಮುಂಜಾವು:
ಅಕ್ರೋಟ ಹಾಕಿದ ಬಾಳೆಹಣ್ಣಿನ ಲೋಫ್ ಮೂರನೆಯ ಬಾರಿಯೂ ಕೆಟ್ಟಿತು. ಮೇಲ್ಭಾಗ ಕೆಂಪಗಾಗಿ ಚೆನ್ನಾಗಿ ಉಬ್ಬುತ್ತದೆ. ಹೊರಗೆ ತೆಗೆದು ಹತ್ತು ನಿಮಿಷವಾಗುವಷ್ಟರಲ್ಲಿ ನಡುಭಾಗ ಕುಸಿಯುತ್ತದೆ. ಕೊಯ್ದು ನೋಡಿದರೆ ತಳದಲ್ಲಿ ಎರಡು ಬೆರಳು ದಪ್ಪದ ಹಸಿ ಅಂಟು, ಅದರೊಳಗೆ ಮುಳುಗಿದ ಅಕ್ರೋಟದ ಚೂರುಗಳು. ಅಳತೆಯಲ್ಲಿ ಏನನ್ನೂ ಬದಲಿಸಿಲ್ಲ: ಮೈದಾ 250 ಗ್ರಾಂ, ಬೇಕಿಂಗ್ ಸೋಡಾ ಒಂದು ಟೀ ಚಮಚ, 175 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ. ಇಷ್ಟೊಂದು ಬೆಣ್ಣೆ, ಹಣ್ಣು ಎಸೆಯಬೇಕಾಗಿ ಬಂದದ್ದು ಸಂಕಟವಾಗಿದೆ. ತಿಳಿದವರು ದಯವಿಟ್ಟು ಹೇಳಿ.

ಹಿಟ್ಟಿನಕೈ:
ನಿಮ್ಮ ಸೋಡಾ ಸತ್ವ ಕಳೆದುಕೊಂಡಿದೆ. ಚಿಟಿಕೆ ಸೋಡಾದ ಮೇಲೆ ವಿನೆಗರ್ ಹನಿಸಿ ನೋಡಿ. ಕೂಡಲೇ ಬುರುಗು ಬರದಿದ್ದರೆ ಹೊಸದನ್ನು ತನ್ನಿ.

ಮುಂಜಾವು:
ಬುರುಗು ಧಾರಾಳವಾಗಿ ಬಂತು. ಡಬ್ಬಿ ತೆರೆದು ಒಂದು ವಾರವೂ ಆಗಿಲ್ಲ.

ಹಿಟ್ಟಿನಕೈ:
ಹಾಗಾದರೆ ಕಲಸಿದ ಹಿಟ್ಟನ್ನು ಹಾಗೆಯೇ ಇಟ್ಟಿರಬೇಕು. ಬಾಳೆಹಣ್ಣಿನ ಹುಳಿ ತಾಗಿದೊಡನೆ ಸೋಡಾ ಅನಿಲ ಬಿಡತೊಡಗುತ್ತದೆ, ಓವನ್ ಬಿಸಿಯಾಗುವವರೆಗೆ ಕಾದರೆ ಅದೆಲ್ಲ ಹಾರಿಹೋಗುತ್ತದೆ.

ಮುಂಜಾವು:
ಇಲ್ಲ, ಓವನ್ ಮೊದಲೇ ಕಾಯಿಸಿದ್ದೆ, ಕಲಸಿದ ಕೂಡಲೇ ಒಳಗಿಟ್ಟೆ.

ತಕ್ಕಡಿ:
ಮೇಲ್ಭಾಗ ಉಬ್ಬಿದೆ ಎಂದು ಅವರೇ ಬರೆದಿರುವಾಗ ಸೋಡಾವನ್ನು ದೂರುವುದರಲ್ಲಿ ಅರ್ಥವಿಲ್ಲ. ಉಬ್ಬಿದ್ದನ್ನು ಎತ್ತಿಹಿಡಿಯುವಷ್ಟು ಒಳಭಾಗ ಗಟ್ಟಿಯಾಗಿಲ್ಲ, ಅದಕ್ಕೇ ಕುಸಿದಿದೆ. ಕಿವುಚಿದ ಹಣ್ಣಿನ ತೂಕವೆಷ್ಟು? ಟಿನ್ ಯಾವುದು?

ಹಿಟ್ಟಿನಕೈ:
ಹಣ್ಣನ್ನು ಯಾರು ತೂಗುತ್ತಾರೆ? ನಾನು ಯಾವಾಗಲೂ ಎಣಿಸಿಯೇ ಹಾಕುವುದು, ಒಮ್ಮೆಯೂ ಕೆಟ್ಟಿಲ್ಲ. ದಪ್ಪ ತಳದ ಅಲ್ಯೂಮಿನಿಯಂ ಟಿನ್ ಇದೆ, ಓವನ್ನಿನೊಳಗೆ ಬೇರೆಯೇ ತಾಪಮಾಪಕ ನೇತುಹಾಕಿದ್ದೇನೆ, ಲೋಫ್ ಎಲ್ಲ ಕಡೆಯೂ ಒಂದೇ ಬಣ್ಣಕ್ಕೆ ಬರುತ್ತದೆ.

ಸಣ್ಣಉರಿ:
ಅಕ್ರೋಟದ ಚೂರುಗಳನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಹಾಕಿದರೆ ಮುಳುಗುವುದಿಲ್ಲ.

ತಕ್ಕಡಿ:
ಹಿಟ್ಟು ತೆಳ್ಳಗಿದ್ದರೆ ಹೇಗೆ ಹೊರಳಿಸಿದರೂ ಮುಳುಗುತ್ತವೆ. ಚೂರುಗಳು ತಳ ಸೇರಿವೆ ಎಂಬುದೇ ಹಿಟ್ಟು ತೆಳುವಾಗಿತ್ತು ಎಂಬುದಕ್ಕೆ ಸಾಕ್ಷಿ.

ಸಣ್ಣಉರಿ:
ನನಗೆ ಪ್ರತಿ ಸಲವೂ ಅದರಿಂದ ಉಪಯೋಗವಾಗಿದೆ, ಆದ್ದರಿಂದ ಹೇಳಿದೆ.

ಮುಂಜಾವು:
ಮುಖ್ಯವೆಂದು ತೋರದೆ ಬರೆದಿರಲಿಲ್ಲ. ಫ್ರೀಜರ್‌ನಲ್ಲಿಟ್ಟಿದ್ದ ಐದು ಹಣ್ಣುಗಳನ್ನು ಕರಗಿಸಿ, ಬಿಟ್ಟ ನೀರಿನೊಂದಿಗೇ ಕಿವುಚಿ ಹಾಕುತ್ತಿದ್ದೆ. ಈಗ ಅಷ್ಟನ್ನೇ ತೂಗಿದರೆ 530 ಗ್ರಾಂ ಇದೆ. ಪಾತ್ರೆ ಗಾಜಿನದು, ಕಿರಿದು, ಆಳವಾಗಿದೆ.

ತಕ್ಕಡಿ:
ಕಾರಣ ಇದೇ. 250 ಗ್ರಾಂ ಮೈದಾಕ್ಕೆ 300ರಿಂದ 350 ಗ್ರಾಂ ಹಣ್ಣು ಸಾಕು. ಹೆಪ್ಪುಗಟ್ಟಿದಾಗ ಹಣ್ಣಿನ ಜೀವಕೋಶಗಳು ಒಡೆಯುವುದರಿಂದ ಕರಗಿದ ಮೇಲೆ ಬಹಳ ನೀರು ಬಿಡುತ್ತದೆ. ಆ ನೀರನ್ನು ಸೋಸಿ, ಅರ್ಧದಷ್ಟಾಗುವವರೆಗೆ ಕುದಿಸಿ, ಆರಿಸಿ ಸೇರಿಸಿ, ಪರಿಮಳ ಉಳಿಯುತ್ತದೆ. ಆದರೆ ಅದೂ ಆ ತೂಕದ ಲೆಕ್ಕಕ್ಕೇ ಸೇರಬೇಕು. ಗಾಜು ನಿಧಾನವಾಗಿ ಕಾಯುತ್ತದೆ, ಆಳದ ಪಾತ್ರೆಯಲ್ಲಿ ನಡುಭಾಗಕ್ಕೆ ಶಾಖ ತಲುಪುವುದು ಇನ್ನೂ ತಡ. ಗಡಿಯಾರ ನೋಡಿ ತೆಗೆಯಬೇಡಿ, ನಡುವಿನ ತಾಪ 93ರಿಂದ 96 ಡಿಗ್ರಿಗೆ ಬಂದಾಗ ತೆಗೆಯಿರಿ. ಅಷ್ಟರೊಳಗೆ ಮೇಲ್ಭಾಗ ಕಪ್ಪಾಗುವಂತಿದ್ದರೆ ಫಾಯಿಲ್ ಮುಚ್ಚಿ. ಮೈದಾ ಸೇರಿಸಿದ ಮೇಲೆ ಹೆಚ್ಚು ಕಲಸಬೇಡಿ, ಲೋಫ್ ರಬ್ಬರಿನಂತಾಗುತ್ತದೆ.

ಹಿಟ್ಟಿನಕೈ:
ಆದರೂ ಸೋಡಾದ ಜೊತೆ ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಿ ನೋಡಬಹುದು.

ಮುಂಜಾವು:
ಇಂದು ನೀರು ಸೋಸಿ, ಕುದಿಸಿ, ಎಲ್ಲ ಸೇರಿ 340 ಗ್ರಾಂ ಹಾಕಿದೆ. ಬೇಕಿಂಗ್ ಪೌಡರ್ ಹಾಕಲಿಲ್ಲ. ನಡುಭಾಗ 95 ಡಿಗ್ರಿ ಮುಟ್ಟಲು 74 ನಿಮಿಷ ಬೇಕಾಯಿತು. ಕುಸಿಯಲಿಲ್ಲ, ಅಕ್ರೋಟ ಎಲ್ಲ ಕಡೆಯೂ ಹರಡಿದೆ. ನಾಲ್ಕನೆಯ ಸಲಕ್ಕೆ ಸರಿಯಾದ ಲೋಫ್ ನೋಡಿ ಕಣ್ಣು ತುಂಬಿತು. ಅಂಚು ಮಾತ್ರ ಗಟ್ಟಿಯಾಗಿದೆ. ಇದೇ ಗಾಜಿನ ಪಾತ್ರೆಯಲ್ಲಿ 160 ಡಿಗ್ರಿಗೆ ಇಳಿಸಿ ಮಾಡಿ ನೋಡಿದವರು ಯಾರಾದರೂ ಇದ್ದೀರಾ?