ರೈತ ದಿನಕ್ಕೆ ಪುಟ್ಟಣ್ಣಯ್ಯನವರ ಬಗ್ಗೆ ಮಾತನಾಡಬೇಕು, ಎಲ್ಲಿಂದ ಶುರು ಮಾಡಲಿ?

ಶ್ರೀರಾಂಪುರದ ಹುಡುಗಿ:
ನಮ್ಮದು ಹೊಸದುರ್ಗ ತಾಲ್ಲೂಕು, ಶ್ರೀರಾಂಪುರದ ಹತ್ತಿರದ ಹಳ್ಳಿ. ಡಿಸೆಂಬರ್ 23ರಂದು ಊರಿನ ಶಾಲೆಯಲ್ಲಿ ಹತ್ತು ನಿಮಿಷ ಮಾತನಾಡಬೇಕು. ಅದು ಮಾಜಿ ಪ್ರಧಾನಿ ಚರಣ್ ಸಿಂಗ್ ಅವರ ಜನ್ಮದಿನವಾದ್ದರಿಂದ ಪ್ರತಿ ವರ್ಷವೂ ಅವರದ್ದೇ ಕಥೆ. ಈ ಸಲ ನಾನು ಮಂಡ್ಯದ ಕಡೆಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರನ್ನು ಆರಿಸಿಕೊಂಡಿದ್ದೇನೆ. ದೊಡ್ಡಪ್ಪ ನಕ್ಕುಬಿಟ್ಟರು. "ಎರಡು ಸಲ ಶಾಸಕರಾದರು ಅಂದರೆ ಎರಡು ನಿಮಿಷಕ್ಕೆ ಮುಗಿಯಿತಲ್ಲ, ಉಳಿದ ಎಂಟು ನಿಮಿಷ ಏನು ಹೇಳುತ್ತೀಯ?" ಎಂದು ಕೇಳುತ್ತಾರೆ. ಉಳಿದ ಎಂಟು ನಿಮಿಷಕ್ಕೆ ಯಾರಾದರೂ ದಾರಿ ತೋರಿಸಿ.

ಹಳೇ ಪೇಪರ್:
ಮೊದಲು ಇಸವಿಗಳನ್ನು ಸರಿಯಾಗಿ ಬರೆದುಕೊಳ್ಳಿ. ಊರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ. 1994ರಲ್ಲಿ ರೈತ ಸಂಘದಿಂದ ಗೆದ್ದಾಗ ಕ್ಷೇತ್ರದ ಹೆಸರು ಪಾಂಡವಪುರ. 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆಲ್ಲುವ ಹೊತ್ತಿಗೆ ಅದು ಮೇಲುಕೋಟೆಯಾಗಿತ್ತು. ಭಾಷಣಕಾರರು ಇದನ್ನು ಕಲಸುಮೇಲೋಗರ ಮಾಡುತ್ತಾರೆ. 2018ರ ಫೆಬ್ರುವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಆಗಲೂ ಅವರು ಶಾಸಕರು.

ಅರವತ್ತು ತೆಂಗಿನ ಮರ:
ನೋಡಮ್ಮ, ನಿನ್ನ ಎಂಟು ನಿಮಿಷ ಇರುವುದು ಆ ಎರಡು ಗೆಲುವುಗಳ ನಡುವಿನ 19 ವರ್ಷದಲ್ಲಿ. ನೀನು ತೆಂಗಿನ ಸೀಮೆಯವಳು, ನಿನಗೆ ಹೇಳಿದರೆ ಅರ್ಥವಾಗುತ್ತದೆ.

ನುಸಿ ರೋಗ ಬಂದ ಕಾಲ ನಿಮ್ಮ ದೊಡ್ಡಪ್ಪನವರಿಗೆ ನೆನಪಿರಬೇಕು. ಕಾಯಿಯ ತೊಟ್ಟಿನ ಅಡಿ ಸೇರಿಕೊಂಡು ರಸ ಹೀರುವ ಹುಳು, ಕಣ್ಣಿಗೆ ಕಾಣುವುದಿಲ್ಲ. ಕಾಯಿಯ ಸಿಪ್ಪೆ ಕಂದಾಗಿ, ಒಣಗಿದ ಕೆರೆಯಂಗಳದ ಹಾಗೆ ಬಿರಿದು, ಮುಷ್ಟಿಯಷ್ಟಕ್ಕೇ ನಿಲ್ಲುತ್ತಿತ್ತು. ವ್ಯಾಪಾರಿ ಕಾಲಿನಿಂದಲೇ ಅವನ್ನು ಪಕ್ಕಕ್ಕೆ ತಳ್ಳುತ್ತಿದ್ದ. ಮರದ ಬುಡ ಅಗೆದು, ಪೆನ್ಸಿಲ್ ದಪ್ಪದ ಒಂದು ಹಸಿ ಬೇರು ಹುಡುಕಿ, ಓರೆಯಾಗಿ ಕತ್ತರಿಸಿ, ಬೇವಿನ ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕಟ್ಟುತ್ತಿದ್ದೆವು. ಬೆಳಿಗ್ಗೆ ಹೋಗಿ ಬೇರು ಎಷ್ಟು ಕುಡಿದಿದೆ ಎಂದು ನೋಡುವುದೇ ಒಂದು ಕೆಲಸ. ಆ ವರ್ಷ ತಿಪಟೂರಿಗೆ ಒಯ್ಯಲು ನಮ್ಮ ಅಟ್ಟದಲ್ಲಿ ಕೊಬ್ಬರಿಯೇ ಇರಲಿಲ್ಲ.

ಆಗ ಎದ್ದದ್ದು, ತೆಂಗಿನ ಹೊಂಬಾಳೆಯ ಸಿಹಿ ರಸವಾದ ನೀರಾ ಇಳಿಸಿ ಮಾರಲು ಬಿಡಿ ಎಂಬ ನೀರಾ ಚಳವಳಿ. ಲೆಕ್ಕ ಬಹಳ ಸರಳ: ನುಸಿ ಕೂರುವುದು ಕಾಯಿಯ ಮೇಲೆ, ನೀರಾ ಇಳಿಸುವುದು ಅರಳದ ಹೊಂಬಾಳೆಯಿಂದ. ಕಾಯಿ ಕಟ್ಟುವ ಮೊದಲೇ ಮರದಿಂದ ಕಾಸು ಸಿಗುತ್ತದೆ. ಆದರೆ ಹುಳಿ ಬಂದರೆ ಅದೇ ಹೆಂಡವಾಗುತ್ತದೆಂದು ಅಬಕಾರಿ ಕಾನೂನು ಅಡ್ಡ ನಿಂತಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ನಡೆದು ರೈತರು ಸತ್ತರು. ಆ ಚಳವಳಿಯ ಮುಂದೆ ನಿಂತವರು ಪುಟ್ಟಣ್ಣಯ್ಯ. ಆಗ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ, ಹೆಗಲ ಮೇಲಿದ್ದದ್ದು ಹಸಿರು ಶಾಲು ಒಂದೇ. ನೀರಾಕ್ಕೆ ದಾರಿ ಮಾಡುವ ಅಬಕಾರಿ ತಿದ್ದುಪಡಿ ಬಂದದ್ದು ಅವರು ಎರಡನೇ ಸಲ ಶಾಸಕರಾಗಿದ್ದ ಅವಧಿಯಲ್ಲಿ. ನಡುವೆ ಎಷ್ಟು ವರ್ಷ ಕಳೆಯಿತು, ನೀನೇ ಲೆಕ್ಕ ಹಾಕು.

ಇನ್ನೊಂದು ಮಾತು. ನಾನೂ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ಹಲ್ಲುಜ್ಜುವ ಮೊದಲೇ ಜಗಲಿಯ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು: ಒಬ್ಬರಿಗೆ ಜಾಬ್ ಕಾರ್ಡ್, ಇನ್ನೊಬ್ಬರಿಗೆ ಬೀದಿ ದೀಪ. ಅವರನ್ನು ಕಳುಹಿಸಿ ತೋಟಕ್ಕೆ ಹೋಗುವಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು. ಆ ಐದು ವರ್ಷದಲ್ಲಿ ಹನ್ನೊಂದು ಮರ ಒಣಗಿದವು. ಹೆಂಡತಿ ಇವತ್ತಿಗೂ ಅವನ್ನು ಎಣಿಸಿ ತೋರಿಸುತ್ತಾಳೆ. ಒಂದು ವಾರ್ಡಿಗೇ ಹೀಗಾದರೆ ಒಂದು ಕ್ಷೇತ್ರ ಹೊತ್ತವನ ಹೊಲ ಏನಾದೀತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಕೋಟೆ ಬಾಗಿಲು:
ಹಿರಿಯರೇ, ನೀವು ಬರೆದದ್ದು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. 224 ಜನರ ಸದನದಲ್ಲಿ ಒಂಟಿ ಶಾಸಕ ಕೂಗಿದರೆ ಎಷ್ಟು ಕೇಳಿಸುತ್ತದೆ? ಜೊತೆಗೆ, ಅವರ ನಂತರ ಅದೇ ಕ್ಷೇತ್ರದಲ್ಲಿ ಮಗ ದರ್ಶನ್ 2018ರಲ್ಲಿ ನಿಂತು ಸೋತು, 2023ರಲ್ಲಿ ಗೆದ್ದರು. ಬೇರೆ ಪಕ್ಷಗಳಲ್ಲಿ ಅಪ್ಪನ ಜಾಗಕ್ಕೆ ಮಗ ಬಂದರೆ ಮೂಗು ಮುರಿಯುವ ನಾವು ಇಲ್ಲಿ ಮಾತ್ರ ಸುಮ್ಮನಿರುವುದು ಸರಿಯೇ?

ಅರವತ್ತು ತೆಂಗಿನ ಮರ:
ಪ್ರಶ್ನೆ ಸರಿಯಾಗಿಯೇ ಇದೆ. ನನ್ನ ಬಳಿ ಉತ್ತರವಿಲ್ಲ. ಮತ್ತೆ, ಈಗ ಮರ ಅರವತ್ತಿಲ್ಲ, ನಲವತ್ತೊಂಬತ್ತು. ಹೆಸರು ಬದಲಿಸಲು ಮನಸ್ಸು ಬರಲಿಲ್ಲ.

ಶ್ರೀರಾಂಪುರದ ಹುಡುಗಿ:
ಅಜ್ಜ, ನೀವು ಬರೆದದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಬೇರಿಗೆ ಚೀಲ ಕಟ್ಟುವ ಜಾಗ ಬಂದಾಗ ನಗು ನಿಂತಿತು. ಓರೆಯಾಗಿ ಕತ್ತರಿಸದಿದ್ದರೆ ಬೇರು ಕುಡಿಯುವುದೇ ಇಲ್ಲವಂತೆ, ಅದನ್ನು ಮಕ್ಕಳಿಗೆ ತೋರಿಸಲು ಒಂದು ಬೇರು ತಂದುಕೊಡುತ್ತಾರಂತೆ.