ಪದಚರ್ಚೆ: ಹಾರ್ಡ್ ಡ್ರೈವಿನ ಸ್ಪೀಡ್, ನಾಯ್ಸ್, ವ್ಯಾಲ್ಯೂ – ಕನ್ನಡದಲ್ಲಿ ಹೇಗೆ ಹೇಳುತ್ತೀರಿ?

ಎಲ್ಲರಿಗೂ ನಮಸ್ಕಾರ,

ನಮ್ಮ ಬಡಾವಣೆಯ ಪುಟ್ಟ ಲೈಬ್ರರಿಯಲ್ಲಿ ಎರಡು ಹಳೆಯ ಡೆಸ್ಕ್‌ಟಾಪ್ ಇವೆ. ಅವಕ್ಕೆ ಹೊಸ ಹಾರ್ಡ್ ಡ್ರೈವ್ ಹಾಕಿಸಬೇಕು, ಯಾವುದು ತರೋಣ ಅಂತ ಒಂದು ಪುಟ ಕನ್ನಡದಲ್ಲೇ ಬರೆದುಕೊಡಿ ಅಂದರು. ಅದಕ್ಕೇನು ಅಂತ ಒಪ್ಪಿಕೊಂಡೆ. ಸ್ಪೀಡ್, ನಾಯ್ಸ್, ವ್ಯಾಲ್ಯೂ ಅಂತ ಮೂರು ಕಾಲಂ ಗೆರೆ ಎಳೆದೆ. ಈ ಮೂರು ತಲೆಬರಹಗಳನ್ನು ಕನ್ನಡಕ್ಕೆ ತರಲು ಹೋಗಿ ಎರಡು ಸಂಜೆ ಕಳೆದಿದ್ದೇನೆ. ಹಾರ್ಡ್ ಡ್ರೈವಿಗೇ ಕನ್ನಡ ಪದ ಕೊಡಿ ಅಂತ ಕೇಳುತ್ತಿಲ್ಲ, ದಯವಿಟ್ಟು ಯಾರೂ ‘ಗಡಸು ಬಿಲ್ಲೆ’ ಹಿಡಿದುಕೊಂಡು ಬರಬೇಡಿ.

ಸ್ಪೀಡಿಗೆ ‘ವೇಗ’ ಇದೆಯಲ್ಲ ಅಂದುಕೊಂಡಿದ್ದೆ. ಆದರೆ ಡ್ರೈವಿನೊಳಗೆ ಇರುವುದು ಒಂದು ವೇಗ ಅಲ್ಲ. ಮಾಹಿತಿ ತುಂಬಿಡುವ ತಟ್ಟೆ ತಿರುಗುವುದು ಒಂದು, ಅದನ್ನು ಓದುವ-ಬರೆಯುವ ತಲೆ ಬೇಕಾದ ಜಾಗಕ್ಕೆ ಹೋಗಿ ನಿಲ್ಲುವುದು ಇನ್ನೊಂದು, ಅಲ್ಲಿಂದ ಸೆಕೆಂಡಿಗೆ ಎಷ್ಟು ಎಂಬಿ ಹೊರಗೆ ಬರುತ್ತದೆ ಅನ್ನುವುದು ಮತ್ತೊಂದು. ಮೊದಲನೆಯದಕ್ಕೆ ‘ಸುತ್ತು’ ಸಾಕು: ನಿಮಿಷಕ್ಕೆ 5400 ಸುತ್ತು, 7200 ಸುತ್ತು. 7200ರದ್ದು ಸೆಕೆಂಡಿಗೆ 120 ಸಲ ತಿರುಗುತ್ತದೆ, ಹಾಗಾಗಿ ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡ್ ಕಾಯಬೇಕು. 5400ರದ್ದಕ್ಕೆ 5.6. ಎರಡನೆಯದಕ್ಕೆ ನನಗೆ ‘ಚುರುಕು’ ಹಿಡಿಸಿತು. ಹುಡುಗ ಚುರುಕು ಅಂದರೆ ಜೋರಾಗಿ ಓಡುತ್ತಾನೆ ಅಂತಲ್ಲ, ಹೇಳಿದ ತಕ್ಷಣ ಎದ್ದು ಹೋಗುತ್ತಾನೆ ಅಂತ ತಾನೇ? ಸಣ್ಣಸಣ್ಣ ಫೈಲು ನೂರಾರು ಇದ್ದಾಗ ಬೇಕಾಗುವುದು ಅದೇ. ಮೂರನೆಯದಕ್ಕೆ ‘ಹರಿವು’ ಅಂತ ಬರೆದಿದ್ದೇನೆ. ಅದೂ ಒಂದೇ ಸಮ ಇರುವುದಿಲ್ಲ, ತಟ್ಟೆಯ ಹೊರ ಅಂಚಿನಲ್ಲಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ. ಇನ್ನು ಡಬ್ಬದ ಮೇಲೆ ದೊಡ್ಡದಾಗಿ ಹಾಕಿರುವ 6 ಗಿಗಾಬಿಟ್ ಅನ್ನುವುದು ಈ ಮೂರೂ ಅಲ್ಲ. ಕೇಬಲ್ಲಿನಲ್ಲಿ ಸೆಕೆಂಡಿಗೆ 600 ಎಂಬಿ ಹಿಡಿಸುತ್ತದೆ ಅಂತ ಅದರ ಅರ್ಥ, ಮಾಮೂಲಿ ಡೆಸ್ಕ್‌ಟಾಪ್ ಡ್ರೈವ್ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ರಸ್ತೆ ಅಗಲ ಮಾಡಿಸಿದರೆ ಎತ್ತಿನಗಾಡಿ ಓಡುತ್ತದಾ?

ನಾಯ್ಸ್ ವಿಷಯಕ್ಕೆ ಬಂದರೆ ಸ್ವಲ್ಪ ಹೊಟ್ಟೆ ಉರಿಯುವ ಕತೆ ಇದೆ. ಹೋದ ವರ್ಷ ನನ್ನ ಸೋದರಮಾವ ಫೋನ್ ಮಾಡಿ, “ನೋಡೋ, ಕಂಪ್ಯೂಟರ್ ಸದ್ದು ಮಾಡ್ತಾ ಇದೆ” ಅಂದರು. ಡ್ರೈವ್ ಅಂದಮೇಲೆ ಸದ್ದು ಮಾಡುತ್ತದೆ ಮಾವ, ಹಳೇದಲ್ವಾ, ಬಿಡಿ ಅಂದೆ. ನಾಲ್ಕು ದಿನ ಬಿಟ್ಟು ಹೋಗಿ ಕ್ಯಾಬಿನೆಟ್ಟಿಗೆ ಕಿವಿ ಇಟ್ಟರೆ ಟಕ್… ಟಕ್… ಟಕ್… ಅಂತ ಗಡಿಯಾರದ ಹಾಗೆ ಬಡಿದುಕೊಳ್ಳುತ್ತಿದೆ. ಅದು ತಲೆ ಜಾಗ ಸಿಗದೆ ಮತ್ತೆಮತ್ತೆ ವಾಪಸ್ ಬರುವ ಸದ್ದು, ಡ್ರೈವಿನ ಕೊನೆಗಾಲ. ಮಗಳ ಮದುವೆಯ ಫೋಟೋ ಅಷ್ಟೂ ಹೋದವು. ಮಾವ ‘ಸದ್ದು’ ಅನ್ನದೆ ‘ಟಕ್ ಟಕ್ ಅಂತಿದೆ’ ಅಂದಿದ್ದರೆ, ಅಥವಾ ಎಂಥ ಸದ್ದು ಅಂತ ನಾನಾದರೂ ಕೇಳಿದ್ದರೆ, ಅವತ್ತೇ ಆಫ್ ಮಾಡಿಸುತ್ತಿದ್ದೆ.

ಅವತ್ತಿನಿಂದ ನನಗೆ ಅನಿಸಿದ್ದು ಇಷ್ಟು. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದೆವಲ್ಲ, ಧಗಧಗ, ಚಟಚಟ, ದಬದಬ, ಆ ಪದಗಳೇ ಇಲ್ಲಿ ಕೆಲಸಕ್ಕೆ ಬರುತ್ತವೆ. ತಟ್ಟೆ ತಿರುಗುವಾಗ ಸಣ್ಣಗೆ ಗುಂಯ್ ಅನ್ನುತ್ತದೆ. ತಲೆ ಓಡಾಡುವಾಗ ಕರಕರ, ಕೆಲವು ಡ್ರೈವಿನಲ್ಲಿ ಕಟಕಟ. ಡ್ರೈವ್ ಸರಿಯಾಗಿದ್ದು ಸ್ಕ್ರೂ ಸಡಿಲವಿದ್ದರೆ ಕ್ಯಾಬಿನೆಟ್ಟಿನ ತಗಡು ಝರ್ ಅನ್ನುತ್ತದೆ, ಸಣ್ಣ ರಬ್ಬರ್ ವಾಷರ್ ಹಾಕಿದರೆ ನಿಲ್ಲುತ್ತದೆ. ಇದನ್ನೆಲ್ಲ ಡೆಸಿಬೆಲ್ ಅಂಕಿ ಹೇಳುವುದಿಲ್ಲ. 26 ಡೆಸಿಬೆಲ್ಲಿನ ಗುಂಯ್ ಹತ್ತು ನಿಮಿಷಕ್ಕೆ ಕಿವಿಗೆ ಬೀಳುವುದೇ ಇಲ್ಲ, ಅಷ್ಟೇ ಡೆಸಿಬೆಲ್ಲಿನ ಕಟಕಟ ರಾತ್ರಿಯಿಡೀ ಕಾಡುತ್ತದೆ. (ಕೆಲವು ಕಂಪನಿಯವರು ಇದನ್ನೇ 2.6 ಬೆಲ್ ಅಂತ ಹಾಕುತ್ತಾರೆ. ಅದು ಗಂಟೆ ಅಲ್ಲ, ಟೆಲಿಫೋನಿನ ಗ್ರಹಾಂ ಬೆಲ್.) ಕಾಲಂಗೆ ‘ಸದ್ದು’ ಅಂತ ಹಾಕಿ ಒಳಗೆ ಗುಂಯ್, ಕರಕರ ಅಂತಲೇ ಬರೆಯೋಣ ಅಂತಿದ್ದೇನೆ. ‘ಶಬ್ದ’ ಬೇಡ ಅನಿಸಿತು, ‘ಶಬ್ದ ಕಡಿಮೆ’ ಅಂದರೆ ಈ ಗುಂಪಿನವರಿಗೆ ನಿಘಂಟೇ ನೆನಪಾಗುತ್ತದೆ. ‘ಗದ್ದಲ’ ಸಂತೆಗೆ ಸರಿ. ಲೈಬ್ರರಿಯವರು ಮಾತ್ರ ‘ಗುಂಯ್ ಅಂತ ಬರೆದರೆ ತಮಾಷೆ ಆಗಲ್ವಾ’ ಅಂದರು. ನೀವೇನಂತೀರಿ?

ಪೂರ್ತಿ ಸಿಕ್ಕಿಹಾಕಿಕೊಂಡಿದ್ದು ವ್ಯಾಲ್ಯೂ ಹತ್ತಿರ. ಮೊದಲು ‘ಬೆಲೆ’ ಅಂತ ಹಾಕಿ ಒಂದು ಡ್ರೈವಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ನಮ್ಮ ಮನೆಯವಳು ನೋಡಿ, “ಅಯ್ಯೋ, ಇದು ಅಷ್ಟು ತುಟ್ಟೀನಾ?” ಅಂದಳು. ಹೌದಲ್ಲ! ಬೆಲೆ ಜಾಸ್ತಿ ಅಂದರೆ ದುಬಾರಿ ಅಂತಲೇ ಅರ್ಥ, ನಾನು ಹೇಳಹೊರಟಿದ್ದು ತದ್ವಿರುದ್ಧ. ‘ಮೌಲ್ಯ’ ಅಂದರೆ ಉತ್ತರಪತ್ರಿಕೆ ತಿದ್ದುವುದು, ಇಲ್ಲವೇ ಗಾಂಧಿ ಜಯಂತಿ ಭಾಷಣ. ‘ಬಾಳಿಕೆ’ ಚೆನ್ನಾಗಿದೆ, ಆದರೆ ಅದು ಎಷ್ಟು ದಿನ ಬರುತ್ತದೆ ಅನ್ನುವುದಕ್ಕೆ ಮಾತ್ರ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯ ಹುಡುಗ “ಕೊಟ್ಟ ದುಡ್ಡಿಗೆ ಮೋಸ ಇಲ್ಲ ಸಾರ್” ಅಂದ, ಅದೇ ಸರಿಯಾದ ಕನ್ನಡ. ಆದರೆ ಕಾಲಂ ತಲೆಗೆ ಅಷ್ಟು ಉದ್ದ ಹಿಡಿಸುವುದಿಲ್ಲ. ಮೇಲಾಗಿ 1 ಟಿಬಿ (ಟೆರಾಬೈಟ್) ಡ್ರೈವ್ ವಿಂಡೋಸಿನಲ್ಲಿ 931 ಜಿಬಿ ಅಂತ ಕಾಣುವಾಗ ‘ಮೋಸ ಇಲ್ಲ’ ಅಂತ ಬರೆದರೆ ಜಗಳಕ್ಕೇ ಬರುತ್ತಾರೆ. (ಮೋಸ ಅಲ್ಲ, ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ.)

ಸದ್ಯಕ್ಕೆ ‘ಟಿಬಿಗೆ ಎಷ್ಟು ಬಿತ್ತು’ ಅಂತ ಹಾಕಿದ್ದೇನೆ. ಅದಾದರೆ ದೊಡ್ಡ ಡ್ರೈವ್ ಯಾಕೆ ಮೇಲು ಅನ್ನುವುದೂ ತಿಳಿಯುತ್ತದೆ. ಮೋಟರು, ಡಬ್ಬ, ಸರ್ಕ್ಯೂಟು ಚಿಕ್ಕದಕ್ಕೂ ಬೇಕೇ ಬೇಕು, ಹಾಗಾಗಿ 1 ಟಿಬಿಯದ್ದು 2 ಟಿಬಿಯದ್ದರ ಅರ್ಧ ಬೆಲೆಗೆ ಸಿಗುವುದಿಲ್ಲ. ಆದರೆ ಸುತ್ತು, ಸದ್ದು, ವಾರಂಟಿ ಎಲ್ಲ ಸೇರಿಸಿ ತೂಗುವ ಒಂದೇ ಪದ ಇದ್ದರೆ ಚೆನ್ನ.

ನನ್ನ ಬಾಯಿಗೆ ಬರುವುದು ‘ಗಿಟ್ಟುವುದು’. ಆದರೆ ನಮ್ಮ ಕಡೆ ಅದು ಮಾರುವವನ ಮಾತು, “ಈ ರೇಟಿಗೆ ನನಗೆ ಗಿಟ್ಟಲ್ಲ ಸ್ವಾಮಿ” ಅಂತ ತರಕಾರಿಯವನು ಅನ್ನುತ್ತಾನೆ. ಕೊಳ್ಳುವವರೂ ‘ಇದು ಗಿಟ್ಟುತ್ತೆ’ ಅನ್ನುವ ಊರು ಯಾವುದಾದರೂ ಇದೆಯಾ? ಧಾರವಾಡದ ಕಡೆಯವರು, ಮಂಗಳೂರಿನವರು ಸ್ವಲ್ಪ ಹೇಳಿ. ಭಾನುವಾರದೊಳಗೆ ಪುಟ ಕೊಡಬೇಕು.